ಬೇರಿನ ಪುಡಿಯಲ್ಲಿ ಬೆರೆತದ್ದೇನು?



ಮಂಡಿನೋವಿನ ಪುಡಿಯ ಬಗ್ಗೆ ಮಾತಾಡುತ್ತೇನೆಂದು ನಾನೇ ಕೇಳಿಕೊಂಡೆ. ದತ್ತಿ ಉಪನ್ಯಾಸಕ್ಕೆ ಇದೆಂಥ ವಿಷಯ ಎಂದು ಒಬ್ಬಿಬ್ಬರು ಹುಬ್ಬೇರಿಸಿದರು. ಆದರೆ ನಮ್ಮ ಹಾಸನ ಜಿಲ್ಲೆಯಲ್ಲಿ ನೋವಿಗೆಂದು ಯಾರ ಬಳಿಯೂ ಪೊಟ್ಟಣ ಕಟ್ಟಿಸಿಕೊಂಡು ಬಾರದ ಮನೆ ಅಪರೂಪ. ನಮ್ಮಲ್ಲಿ ಬಹಳ ಜನ ದಿನಾ ನುಂಗುವ ಪದಾರ್ಥವೊಂದರ ಒಳಗೆ ಏನಿದೆ ಎಂದು ತಿಳಿಯುವ ವಿದ್ಯೆ ಇದೆ, ಉಪಕರಣವಿದೆ, ಒಂದಿಷ್ಟು ಕಾನೂನೂ ಇದೆ. ಹೀಗಿದ್ದೂ ಆ ಪೊಟ್ಟಣವನ್ನು ಯಾರೂ ಬಿಚ್ಚಿ ನೋಡುತ್ತಿಲ್ಲ. ಇವತ್ತು ನನ್ನ ಮಾತೆಲ್ಲ ಅದರ ಸುತ್ತಲೇ.

ನಮ್ಮದು ಬೆನ್ನು ಬಗ್ಗಿಸುವ ಬೇಸಾಯ. ಅರಕಲಗೂಡಿನ ಕಡೆ ಹೊಗೆಸೊಪ್ಪು, ಶುಂಠಿ. ಹಾಸನದ ಸುತ್ತ ಆಲೂಗಡ್ಡೆ, ಮುಸುಕಿನ ಜೋಳ. ಹೊಳೆನರಸೀಪುರದಲ್ಲಿ ಹೇಮಾವತಿ ನಾಲೆಯ ಕೆಳಗೆ ಭತ್ತದ ನಾಟಿ, ಚನ್ನರಾಯಪಟ್ಟಣದಲ್ಲಿ ತೆಂಗು ಮತ್ತು ರಾಗಿ. ಐವತ್ತು ದಾಟುವಷ್ಟರಲ್ಲಿ ಮಂಡಿ ಸವೆದಿರುತ್ತದೆ, ಸೊಂಟ ಹಿಡಿದಿರುತ್ತದೆ. ಇದರ ಮೇಲೆ 2006ರಲ್ಲಿ ಚಿಕೂನ್‌ಗುನ್ಯಾ ಬಂತು. ಆ ಒಂದೇ ವರ್ಷ ಕರ್ನಾಟಕದಲ್ಲಿ ಶಂಕಿತ ಪ್ರಕರಣಗಳು 7 ಲಕ್ಷ ದಾಟಿದವು, ಇಡೀ ದೇಶದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ರಾಜ್ಯದ್ದೇ. ಜ್ವರ ವಾರದಲ್ಲಿ ಬಿಟ್ಟರೂ ಕೀಲುನೋವು ತಿಂಗಳುಗಟ್ಟಲೆ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಪ್ಯಾರಸಿಟಮಾಲ್ ಕೊಟ್ಟು ಕಾಯಿರಿ ಎನ್ನುತ್ತಿದ್ದರು, ಕೂಲಿಗೆ ಹೋಗಬೇಕಾದವರಿಗೆ ಕಾಯುವ ಪುರುಸೊತ್ತು ಇರಲಿಲ್ಲ. ಎರಡು ದಿನಕ್ಕೆ ನೋವು ಇಳಿಸುವ ಪುಡಿ ಇಂಥಲ್ಲಿ ಸಿಗುತ್ತದೆ ಎಂಬ ಸುದ್ದಿ ಊರಿಂದೂರಿಗೆ ಹಬ್ಬಲು ಇನ್ನೇನು ಬೇಕು?

ಲಕ್ಕಿಸೊಪ್ಪಿನ ಶಾಖ, ಶುಂಠಿ, ಗುಗ್ಗುಳು, ಅಮೃತಬಳ್ಳಿ ಇವಕ್ಕೆಲ್ಲ ಅವುಗಳದೇ ಗುಣವಿದೆ, ಅವುಗಳದೇ ನಿಧಾನವಿದೆ. ವಾರಗಟ್ಟಲೆ ಪಥ್ಯ ಹಿಡಿದ ಮೇಲೆ ಅವು ತಮ್ಮ ಕೆಲಸ ತೋರಿಸುತ್ತವೆ. ಹದಿನೈದು ವರ್ಷದ ಮಂಡಿನೋವು ಬೇರಿನ ಪುಡಿಯಿಂದ ಎರಡೇ ದಿನಕ್ಕೆ ಮಾಯವಾಗಿ, ಹಸಿವು ಹೆಚ್ಚಾಗಿ, ಮೈಗೆ ಹುರುಪು ಬಂದರೆ ರಸಾಯನಶಾಸ್ತ್ರದವನಾದ ನನಗೆ ಮೊದಲು ಹುಟ್ಟುವುದು ಅನುಮಾನ. ಏಕೆಂದರೆ ಸರಿಯಾಗಿ ಹೀಗೇ ಕೆಲಸ ಮಾಡುವ ಔಷಧವೊಂದು ನನಗೆ ಗೊತ್ತು.

1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಒಬ್ಬ ಹೆಣ್ಣುಮಗಳಿಗೆ, ಮುಂದೆ ಕಾರ್ಟಿಸೋನ್ ಎಂದು ಹೆಸರಾದ ವಸ್ತುವನ್ನು ಮೊದಲ ಸಲ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ಹೆಂಚ್, ಕೆಂಡಲ್, ರೈಕ್‌ಸ್ಟೈನ್ ಈ ಮೂವರಿಗೆ ನೊಬೆಲ್ ಬಂತು. ಅಷ್ಟರಲ್ಲಾಗಲೇ ಅದರ ಇನ್ನೊಂದು ಮುಖವೂ ಕಾಣತೊಡಗಿತ್ತು. ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಇವೆಲ್ಲ ಅದೇ ಸ್ಟೀರಾಯ್ಡು ಮನೆತನದವು. ಈ ಔಷಧವನ್ನೇ ದೂರುವುದು ನನ್ನ ಉದ್ದೇಶವಲ್ಲ. 2020ರ ಜೂನ್‌ನಲ್ಲಿ ಇಂಗ್ಲೆಂಡಿನ ರಿಕವರಿ ಪ್ರಯೋಗದ ಫಲಿತಾಂಶ ಹೊರಬಿದ್ದಾಗ ವೆಂಟಿಲೇಟರಿನಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ಮೂರರಲ್ಲಿ ಒಂದು ಪಾಲು ತಗ್ಗಿಸಿದ್ದು ಇದೇ ಡೆಕ್ಸಾಮೆಥಾಸೋನ್. ಗೊತ್ತಿದ್ದು ಕೊಟ್ಟರೆ ಜೀವ ಉಳಿಸುವ ವಸ್ತು ಅದು. ಬೇರಿನ ಪುಡಿಯ ಹೆಸರಿನಲ್ಲಿ ಅದನ್ನೇ ವರ್ಷಗಟ್ಟಲೆ ತಿನ್ನಿಸಿದರೆ ಜೀವ ತೆಗೆಯುತ್ತದೆ.

ಎಷ್ಟು ಬೆರೆಸಿದರೆ ಸಾಕು? 0.75 ಮಿಲಿಗ್ರಾಂ ಡೆಕ್ಸಾಮೆಥಾಸೋನ್ 5 ಮಿಲಿಗ್ರಾಂ ಪ್ರೆಡ್ನಿಸೊಲೋನಿಗೆ ಸಮ. ಅಷ್ಟು ಡೆಕ್ಸಾಮೆಥಾಸೋನಿನ ತೂಕ ಹನ್ನೆರಡು ಹದಿಮೂರು ಹರಳು ಪುಡಿ ಉಪ್ಪಿನಷ್ಟು. ಒಂದು ಚಮಚ ಕಂದು ಚೂರ್ಣದಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ಹತ್ತುವುದಿಲ್ಲ. ಬೆಲೆಯೂ ಬಲು ಅಗ್ಗ.

ಇದು ಬರೀ ಗುಮಾನಿ ಎಂದುಕೊಳ್ಳಬೇಡಿ. ತೈವಾನಿನಲ್ಲಿ ಎಂಟು ಆಸ್ಪತ್ರೆಗಳಿಂದ ಸಂಗ್ರಹಿಸಿದ 2,609 ಸಾಂಪ್ರದಾಯಿಕ ಔಷಧ ಮಾದರಿಗಳನ್ನು ಪರೀಕ್ಷಿಸಿದರು, ವರದಿ 1997ರಲ್ಲಿ ಬಂತು. ಶೇ. 23.7ರಷ್ಟು ಮಾದರಿಗಳಲ್ಲಿ ಹೇಳದೆ ಬೆರೆಸಿದ ಅಲೋಪಥಿ ಔಷಧಗಳಿದ್ದವು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಮಾದರಿಗಳಲ್ಲಿ ಒಂದಕ್ಕಿಂತ ಹೆಚ್ಚು ಬಗೆಯವು. 1999ರಲ್ಲಿ ಲಂಡನ್ನಿನ ಚರ್ಮವೈದ್ಯರು, ರೋಗಿಗಳು ಗಿಡಮೂಲಿಕೆಯದೆಂದು ನಂಬಿ ಹಚ್ಚುತ್ತಿದ್ದ 11 ಮುಲಾಮುಗಳನ್ನು ನೋಡಿದರೆ 8ರಲ್ಲಿ ಡೆಕ್ಸಾಮೆಥಾಸೋನ್. 2008ರ ಮೊದಲ ಐದು ತಿಂಗಳಲ್ಲಿ ಸಿಂಗಪುರದ ಆಸ್ಪತ್ರೆಗಳಿಗೆ 150 ಜನ ಸಕ್ಕರೆ ಪಾತಾಳಕ್ಕಿಳಿದು ಬಂದರು. ಅವರಲ್ಲಿ ನಾಲ್ವರು ತೀರಿಕೊಂಡರು. ಕಾಮೋತ್ತೇಜಕವೆಂದು ಮಾರುತ್ತಿದ್ದ ನಕಲಿ ಮಾತ್ರೆಗಳಲ್ಲಿ, ಗಿಡಮೂಲಿಕೆಯದೆಂದು ಹೇಳುವ ಸರಕಿನಲ್ಲಿ ಮಧುಮೇಹದ ಗ್ಲಿಬೆನ್‌ಕ್ಲಮೈಡ್ ಸೇರಿಕೊಂಡಿತ್ತು. 2022ರಲ್ಲಿ ಅಮೆರಿಕದ ಔಷಧ ಇಲಾಖೆ ಆರ್ಟ್ರಿ ಕಿಂಗ್ ಎಂಬ ಕೀಲುನೋವಿನ ಮಾತ್ರೆಯ ಬಗ್ಗೆ ಎಚ್ಚರಿಸಿತು. ಚೀಟಿಯಲ್ಲಿ ಗಿಡಮೂಲಿಕೆಗಳ ಹೆಸರಿದ್ದರೆ ಒಳಗೆ ನೋವುನಿವಾರಕ ಡೈಕ್ಲೊಫಿನ್ಯಾಕ್ ಮತ್ತು ಡೆಕ್ಸಾಮೆಥಾಸೋನ್. ನಮ್ಮ ದೇಶದಲ್ಲೂ ಮೊಹಾಲಿಯ ರಾಷ್ಟ್ರೀಯ ಔಷಧ ಶಿಕ್ಷಣ ಸಂಸ್ಥೆಯವರು 2009ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಮಾರುಕಟ್ಟೆಯ ಗಿಡಮೂಲಿಕೆ ಔಷಧಗಳಲ್ಲಿ ಇಂಥವೇ ಸ್ಟೀರಾಯ್ಡು ಮತ್ತು ನೋವುನಿವಾರಕಗಳನ್ನು ಹಿಡಿದು ತೋರಿಸಿದ್ದಾರೆ.

ಡೈಕ್ಲೊಫಿನ್ಯಾಕ್ ಹೆಸರು ಬಂದಿದ್ದಕ್ಕೆ ಒಂದು ಮಾತು. ಸತ್ತ ದನಗಳನ್ನು ತಿಂದ ರಣಹದ್ದುಗಳು ಈ ಔಷಧದಿಂದ ಕಿಡ್ನಿ ಕೆಟ್ಟು ಸಾಯುತ್ತಿವೆ ಎಂದು ಗೊತ್ತಾಗಿ 2006ರಲ್ಲಿ ಭಾರತ ಸರ್ಕಾರ ಅದನ್ನು ಜಾನುವಾರುಗಳಿಗೆ ಕೊಡುವುದನ್ನು ನಿಷೇಧಿಸಿತು. ನಮ್ಮ ರಾಮನಗರದ ರಾಮದೇವರಬೆಟ್ಟದಲ್ಲಿ ಉಳಿದಿರುವ ರಣಹದ್ದುಗಳಿಗಾಗಿ 2012ರಲ್ಲಿ ಅಭಯಾರಣ್ಯವೂ ಆಯಿತು. ಮನುಷ್ಯರ ಕಿಡ್ನಿ ಹದ್ದಿನದಕ್ಕಿಂತ ಗಟ್ಟಿ ಎಂಬುದು ನಿಜ. ಆದರೆ ಬಿಪಿ, ಸಕ್ಕರೆ ಎರಡೂ ಇರುವ ಅರವತ್ತರ ಮನುಷ್ಯ ತಿಳಿಯದೆ ದಿನಾ ಅದನ್ನು ನುಂಗಿದರೆ ಕಿಡ್ನಿಗೂ ಕೇಡು, ಹೃದಯಕ್ಕೂ ಕೇಡು. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಹಬ್ಬಿ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿನಲ್ಲೇ ಸಾಲು ನಿಂತದ್ದು ನಿಮಗೆ ನೆನಪಿರಬಹುದು. ಆ ಸಾವುಗಳಿಗೂ ಪುಡಿಗಳಿಗೂ ನಾನು ನಂಟು ಹಾಕುತ್ತಿಲ್ಲ, ಹಾಗೆ ಹಾಕಲು ಆಧಾರವಿಲ್ಲ. ಆದರೆ ಎದೆನೋವೆಂದು ಬಂದವರನ್ನು ಬೀಡಿ ಸೇದುತ್ತೀರಾ ಎಂದು ಕೇಳುವ ಹಾಗೆಯೇ ನೋವಿಗೆ ಯಾವುದಾದರೂ ಪುಡಿ ತಿನ್ನುತ್ತೀರಾ ಎಂದೂ ಕೇಳಬೇಕು ಎಂಬುದು ನನ್ನ ಬೇಡಿಕೆ.

ಕೇಳುವುದರಲ್ಲೂ ಒಂದು ಬಗೆಯಿದೆ. ವೈದ್ಯ ಮಿತ್ರರೊಬ್ಬರ ಕೋಣೆಯಲ್ಲಿ ಕೂತಿದ್ದಾಗ ಹೊಳೆನರಸೀಪುರದ ಕಡೆಯ ಒಬ್ಬ ಅಜ್ಜಿಯನ್ನು ಸೊಸೆ ಕರೆತಂದಳು. ಮುಖ ತುಂಬಿಕೊಂಡಿದೆ, ಹೊಟ್ಟೆ ಮುಂದೆ ಬಂದಿದೆ, ಕೈಕಾಲು ಮಾತ್ರ ಕಡ್ಡಿ. ಮುಂಗೈ ಮೇಲೆ ಅಲ್ಲಲ್ಲಿ ನೀಲಿ ಕಲೆ. ಮಿತ್ರರು ಕೇಳಿದರು: “ಅಜ್ಜಿ, ಮಾತ್ರೆ ಏನಾದ್ರೂ ತಗೋತಿದ್ದೀರಾ?” “ಯಾವ ಮಾತ್ರೆನೂ ಇಲ್ಲ ಕಣಪ್ಪ.” ಸೊಸೆ ಮೆಲ್ಲಗೆ, “ಅತ್ತೆ, ಆ ಪುಡಿ ಹೇಳಿ” ಎಂದಳು. “ಅಯ್ಯೋ, ಅದೇನು ಔಸ್ದಿನಾ? ಬರೀ ಬೇರು.” ಮಿತ್ರರು ಗದರಲಿಲ್ಲ. “ಒಳ್ಳೇದಾಯ್ತು, ನಾಳೆ ಬರುವಾಗ ಆ ಪೊಟ್ಟಣ ಹಂಗೇ ತಂದ್ಬಿಡಿ ಅಜ್ಜಿ” ಎಂದರು. ಗದರಿದ್ದರೆ ಪೊಟ್ಟಣ ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆಸಿ ಕಾರ್ಟಿಸಾಲ್ ನೋಡಿಸಿದರು. ಇದು ಬಹಳ ಸರಳವಾದ, ಆದರೆ ಬಹಳ ಮಾತಾಡುವ ಪರೀಕ್ಷೆ. ನಮ್ಮ ಕಿಡ್ನಿಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನಾ ಕಾರ್ಟಿಸಾಲ್ ಎಂಬ ಸ್ವಂತ ಸ್ಟೀರಾಯ್ಡು ತಯಾರಿಸುತ್ತವೆ, ಬೆಳಗಿನ ಹೊತ್ತು ಅದರ ಮಟ್ಟ ಹೆಚ್ಚು. ಹೊರಗಿನಿಂದ ಸ್ಟೀರಾಯ್ಡು ಬರುತ್ತಲೇ ಇದ್ದರೆ ಮಿದುಳು ಇನ್ನು ಸಾಕೆಂದು ಆಜ್ಞೆ ನಿಲ್ಲಿಸುತ್ತದೆ, ಗ್ರಂಥಿ ಕೆಲಸವಿಲ್ಲದೆ ಸೊರಗುತ್ತದೆ. ಡೆಕ್ಸಾಮೆಥಾಸೋನ್ ಕಾರ್ಟಿಸಾಲ್ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಹಾಗಾಗಿ ಕಾರ್ಟಿಸಾಲ್ ಹೆಚ್ಚಾದವರ ಲಕ್ಷಣವೆಲ್ಲ ಮೈಮೇಲೆ ಎದ್ದು ಕಾಣುತ್ತಿದ್ದೂ ರಕ್ತದಲ್ಲಿ ಕಾರ್ಟಿಸಾಲ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಬಂದರೆ, ಹೊರಗಿನಿಂದ ಸ್ಟೀರಾಯ್ಡು ಬರುತ್ತಿದೆ ಎಂದು ಬಲವಾಗಿ ಅನುಮಾನಿಸಬೇಕು. ಅಜ್ಜಿಯ ವರದಿ ಹಾಗೇ ಬಂತು. ಪ್ರೆಡ್ನಿಸೊಲೋನ್ ಆಗಿದ್ದರೆ ಮಾತ್ರ ಎಚ್ಚರ ಬೇಕು. ಹಲವು ಕಿಟ್‌ಗಳು ಅದನ್ನೇ ಕಾರ್ಟಿಸಾಲ್ ಎಂದು ತಪ್ಪಾಗಿ ಎಣಿಸುತ್ತವೆ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಹೇಳಿಬಿಡುತ್ತೇನೆ. ಅನುಮಾನ ಬಂದ ಕೂಡಲೇ ಪುಡಿಯನ್ನು ತಿಪ್ಪೆಗೆಸೆದು ಒಮ್ಮೆಲೇ ನಿಲ್ಲಿಸಬೇಡಿ. ಗ್ರಂಥಿ ಮಲಗಿರುವಾಗ ಹೊರಗಿನ ಸ್ಟೀರಾಯ್ಡೂ ನಿಂತರೆ ವಾಂತಿ, ಸುಸ್ತು, ಬಿಪಿ ಕುಸಿತ, ಸೋಡಿಯಂ ಇಳಿತ ಆಗುತ್ತದೆ. ಜ್ವರವೋ ಆಪರೇಷನ್ನೋ ಎದುರಾದರೆ ಪ್ರಾಣಕ್ಕೇ ಸಂಚಕಾರ. ವೈದ್ಯರೇ ಅಳತೆ ಮಾಡಿ ಸ್ಟೀರಾಯ್ಡು ಕೊಟ್ಟು, ವಾರವಾರ ಇಳಿಸುತ್ತಾ ತಿಂಗಳುಗಟ್ಟಲೆ ಬಿಡಿಸಬೇಕು.

ಈಗ ಪೊಟ್ಟಣದ ವಿಷಯ. ಒಂದು ಗ್ರಾಂ ಪುಡಿಯನ್ನು ಮೆಥನಾಲ್‌ನಲ್ಲಿ ಕುಲುಕಿ ಸೋಸಿದರೆ ಕಡುಕಂದು ದ್ರವ ಬರುತ್ತದೆ. ಸಿಲಿಕಾ ಬಳಿದ ಅಂಗೈಯಗಲದ ಪ್ಲೇಟಿನ ಕೆಳತುದಿಯಲ್ಲಿ ಕೂದಲೆಳೆಯಂಥ ಗಾಜಿನ ಕೊಳವೆಯಿಂದ ಅದರ ಒಂದು ಚುಕ್ಕೆ ಇಡಬೇಕು. ಪಕ್ಕದಲ್ಲಿ ಶುದ್ಧ ಡೆಕ್ಸಾಮೆಥಾಸೋನಿನ ಚುಕ್ಕೆ, ಅದರ ಪಕ್ಕ ಡೈಕ್ಲೊಫಿನ್ಯಾಕ್. ನಾಲ್ಕನೆಯದು ನಾವೇ ಬೇರು ಕುಟ್ಟಿ ಮಾಡಿಕೊಂಡ ಅಪ್ಪಟ ಪುಡಿಯದು, ಐದನೆಯದು ಅದೇ ಅಪ್ಪಟ ಪುಡಿಗೆ ನಾವೇ ಡೆಕ್ಸಾಮೆಥಾಸೋನ್ ಬೆರೆಸಿದ್ದು. ಈ ಕೊನೆಯ ಎರಡು ಚುಕ್ಕೆಗಳನ್ನು ಬಿಟ್ಟು ಮಾಡಿದ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ಕ್ಲೋರೊಫಾರಂ ಒಂಬತ್ತು ಪಾಲು, ಮೆಥನಾಲ್ ಒಂದು ಪಾಲು ಬೆರೆಸಿದ ಗಾಜಿನ ತೊಟ್ಟಿಯಲ್ಲಿ ಪ್ಲೇಟು ನಿಲ್ಲಿಸಿದರೆ ದ್ರವ ಮೇಲೇರುತ್ತದೆ, ಅದರ ಜೊತೆ ಒಂದೊಂದು ವಸ್ತುವೂ ತನ್ನ ತನ್ನ ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಒಣಗಿಸಿ 254 ನ್ಯಾನೋಮೀಟರಿನ ಅತಿನೇರಳೆ ದೀಪದ ಕೆಳಗೆ ಹಿಡಿದರೆ ಪ್ಲೇಟೆಲ್ಲ ಹಸಿರು ಹೊಳಪು, ಔಷಧ ನಿಂತ ಜಾಗದಲ್ಲಿ ಮಾತ್ರ ಕಪ್ಪು ಚುಕ್ಕೆ. ಅಜ್ಜಿಯ ಪುಡಿಯ ಸಾಲಿನಲ್ಲಿ ಗಿಡದ ಬಣ್ಣಗಳು ಉದ್ದಕ್ಕೂ ಎಳೆದುಕೊಂಡಿದ್ದವು. ಆ ಎಳೆತದ ನಡುವೆ, ಡೆಕ್ಸಾಮೆಥಾಸೋನ್ ನಿಂತ ಮಟ್ಟದಲ್ಲೇ, ಅಪ್ಪಟ ಪುಡಿಯ ಸಾಲಿನಲ್ಲಿ ಇಲ್ಲದ ಒಂದು ಚುಕ್ಕೆ. ಮೇಲೆ ಕ್ಷಾರದೊಂದಿಗೆ ಬ್ಲೂ ಟೆಟ್ರಜೋಲಿಯಂ ಸಿಂಪಡಿಸಿದಾಗ ಅದು ನೇರಳೆಯಾಯಿತು.

ಅಷ್ಟಕ್ಕೇ ಡೆಕ್ಸಾಮೆಥಾಸೋನ್ ಎಂದು ಘೋಷಿಸಬಹುದೇ? ಇಲ್ಲ. ಡೆಕ್ಸಾಮೆಥಾಸೋನಿಗೂ ಬೀಟಾಮೆಥಾಸೋನಿಗೂ ಇರುವ ವ್ಯತ್ಯಾಸ ಹದಿನಾರನೇ ಇಂಗಾಲದ ಮೇಲಿನ ಒಂದು ಮೀಥೈಲ್ ಯಾವ ಕಡೆ ತಿರುಗಿದೆ ಎನ್ನುವುದಷ್ಟೇ. ಪ್ಲೇಟಿನ ಮೇಲೆ ಇವನ್ನು ಬೇರ್ಪಡಿಸುವುದು ಕಷ್ಟ. ಎರಡರ ಅಣುತೂಕವೂ 392.5, ಆದ್ದರಿಂದ ಮಾಸ್ ಸ್ಪೆಕ್ಟ್ರೋಮೀಟರಿನಲ್ಲೂ ಎರಡೂ 393ರಲ್ಲೇ ಕಾಣುತ್ತವೆ. ಸರಿಯಾದ ಕಾಲಮ್ ಹಾಕಿದ ಎಚ್‌ಪಿಎಲ್‌ಸಿ ಮೊದಲು ಬೇರ್ಪಡಿಸಿ, ಆಮೇಲೆ ಮಾಸ್ ಗುರುತಿಸಬೇಕು. ನ್ಯಾಯಾಲಯಕ್ಕೆ ಬೇಕಾದದ್ದು ಆ ಮಟ್ಟದ ಪುರಾವೆ. ಆದರೆ ಅಜ್ಜಿಯನ್ನು ಉಳಿಸಲು ಆ ಪ್ಲೇಟೇ ಸಾಕಾಯಿತು.

ವಿದ್ಯಾರ್ಥಿಗಳು ಇಲ್ಲಿ ಎರಡು ಕಡೆ ಎಡವುತ್ತಾರೆ. ಫೆರಿಕ್ ಕ್ಲೋರೈಡ್ ಹಾಕಿ ನೀಲಿ ಬಂದರೆ ಪ್ಯಾರಸಿಟಮಾಲ್ ಎನ್ನುತ್ತಾರೆ. ಅಳಲೆಕಾಯಿಯ ಟ್ಯಾನಿನ್ನೂ ನೀಲಿಗಪ್ಪು ಕೊಡುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ಇನ್ನೊಂದು ಲೀಬರ್‌ಮನ್ ಬುರ್ಕಾರ್ಡ್ ಪರೀಕ್ಷೆ. ಅದರಲ್ಲಿ ಬಣ್ಣ ಬಂದರೆ ‘ಸ್ಟೀರಾಯ್ಡ್ ಇದೆ’ ಎಂದು ಬರೆದಿಡುತ್ತಾರೆ. ಸೊಪ್ಪು, ಬೇರು, ಕಾಳು ಎಲ್ಲದರಲ್ಲೂ ಸಹಜವಾಗಿರುವ ಸಿಟೊಸ್ಟೆರಾಲ್‌ನಂಥವು ಆ ಬಣ್ಣ ಕೊಡುತ್ತವೆ, ಅವು ನಿರಪಾಯ. ಇಂಥ ವರದಿ ಹಿಡಿದು ಪ್ರಾಮಾಣಿಕ ವೈದ್ಯನ ಮೇಲೆ ಅಪವಾದ ಹೊರಿಸಿದರೆ ಅದು ದೊಡ್ಡ ಅನ್ಯಾಯ.

ಪ್ರಾಮಾಣಿಕರು ಬಹಳ ಜನ ಇದ್ದಾರೆ. ತಣ್ಣೀರುಹಳ್ಳದ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನಂಥ ಸಂಸ್ಥೆ ನಮ್ಮ ಹಾಸನದಲ್ಲೇ ಇದೆ, ತಲೆಮಾರಿನಿಂದ ಸೊಪ್ಪು ಅರೆದು ಕೊಡುವ ನಾಟಿ ವೈದ್ಯರು ಹಳ್ಳಿಗಳಲ್ಲಿದ್ದಾರೆ. ರಸಶಾಸ್ತ್ರದಲ್ಲಿ ಪಾದರಸ, ಗಂಧಕ ಬಳಸುವುದು ಬೇರೆ ಚರ್ಚೆ. ಅಲ್ಲಿ ವಸ್ತುವನ್ನು ಗ್ರಂಥದಲ್ಲೇ ಹೆಸರಿಸಿ ಶೋಧನೆಯ ವಿಧಾನ ಹೇಳಿದೆ, ಸುರಕ್ಷಿತವೋ ಅಲ್ಲವೋ ಎಂದು ಎದುರುಬದುರು ಕೂತು ವಾದಿಸಬಹುದು. ಇಲ್ಲಿ ಬೆರೆಸುವವನು ಬೆರೆಸಿದ್ದನ್ನು ಹೇಳುವುದೇ ಇಲ್ಲ. ಕೆಲವೊಮ್ಮೆ ಕೊಡುವ ವೈದ್ಯನಿಗೇ ತಿಳಿದಿರುವುದಿಲ್ಲ. ತಯಾರಾದ ಪುಡಿಯನ್ನು ಎಲ್ಲಿಂದಲೋ ಮೂಟೆಯಲ್ಲಿ ತರಿಸಿ ಪೊಟ್ಟಣ ಕಟ್ಟುವವನು, ‘ಇವರ ಪುಡಿ ಚೆನ್ನಾಗಿ ಹಿಡಿಯುತ್ತೆ’ ಎಂಬ ಹೆಸರು ಬಂದಷ್ಟೂ ಅದನ್ನೇ ಹೆಚ್ಚು ತರಿಸುತ್ತಾನೆ.

ನಮ್ಮ ಪರೀಕ್ಷಾ ಪದ್ಧತಿಯ ಕೊರತೆ ಇರುವುದು ಇಲ್ಲೇ. ಗಿಡಮೂಲಿಕೆ ಔಷಧವನ್ನು ಪರೀಕ್ಷಿಸುವ ಪ್ರಯೋಗಾಲಯ ಸಾಮಾನ್ಯವಾಗಿ ಕೇಳುವುದು ಚೀಟಿಯಲ್ಲಿ ಬರೆದದ್ದು ಒಳಗಿದೆಯೇ ಎಂದು. ಅಶೋಕದ ತೊಗಟೆ ಎಂದು ಹೇಳಿ ಕಂಬದಂತೆ ನೆಟ್ಟಗೆ ಬೆಳೆಯುವ ಅಲಂಕಾರದ ಮರದ ತೊಗಟೆ ತುಂಬಿದ್ದಾರೆಯೇ, ಬೂದಿ ಎಷ್ಟು, ತೇವ ಎಷ್ಟು, ಸೀಸ ಎಷ್ಟು. ಇವೆಲ್ಲ ಬೇಕಾದವೇ. ಆದರೆ ಇವೆಲ್ಲವನ್ನೂ ದಾಟಿ ಪಾಸಾದ ಚೂರ್ಣದಲ್ಲಿ ಡೆಕ್ಸಾಮೆಥಾಸೋನ್ ಇರಬಹುದು. ಈಗಿನ ಹೊಸ ಡಿಎನ್‌ಎ ಪರೀಕ್ಷೆಯೂ ಗಿಡ ಯಾವುದೆಂದು ಹೇಳುತ್ತದೆ ಹೊರತು ಕಾರ್ಖಾನೆಯ ಔಷಧದ ಬಗ್ಗೆ ತುಟಿ ಬಿಚ್ಚುವುದಿಲ್ಲ. ಚೀಟಿಯಲ್ಲಿ ಬರೆಯದೇ ಇದ್ದದ್ದು ಒಳಗಿದೆಯೇ ಎಂದು ಕೇಳಬೇಕು. ಅದಕ್ಕೆ ಕಾಯಿಲೆಯೇ ದಾರಿ ತೋರಿಸುತ್ತದೆ. ನೋವಿನ ಪುಡಿಯೆಂದರೆ ಸ್ಟೀರಾಯ್ಡು, ಡೈಕ್ಲೊಫಿನ್ಯಾಕ್ ಹುಡುಕಿ. ಸಕ್ಕರೆ ಕಾಯಿಲೆಯ ಮಧುನಾಶಿನಿ ಗುಳಿಗೆಯೆಂದರೆ ಗ್ಲಿಬೆನ್‌ಕ್ಲಮೈಡ್, ಮೆಟ್‌ಫಾರ್ಮಿನ್. ತೂಕ ಇಳಿಸುವುದಾದರೆ 2010ರಿಂದ ಜಗತ್ತಿನ ಹಲವೆಡೆ ಹಿಂತೆಗೆದ ಸಿಬುಟ್ರಮಿನ್. ಪುರುಷರ ‘ಶಕ್ತಿವರ್ಧಕ’ ಲೇಹ್ಯವಾದರೆ ಸಿಲ್ಡೆನಾಫಿಲ್ ಮತ್ತು ಅದರ ಅಣುವನ್ನು ಅಲ್ಪಸ್ವಲ್ಪ ತಿರುಚಿ ಮಾಡಿದ ಸೋದರರು. ತಿರುಚುವುದೇ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲೆಂದು.

ಮೊದಲ ಹಂತದ ಈ ಜರಡಿ ಹಿಡಿಯಲು ಬೆಂಗಳೂರಿಗೆ ಹೋಗಬೇಕಿಲ್ಲ. ಸಿಲಿಕಾ ಪ್ಲೇಟು, ಗಾಜಿನ ತೊಟ್ಟಿ, ಅತಿನೇರಳೆ ದೀಪ ಇವು ಫಾರ್ಮಸಿ ಕಲಿಸುವ ಕಾಲೇಜುಗಳಲ್ಲಿ ಇರುವ ಸಾಮಾನುಗಳೇ. ಹಾಸನದ ವೈದ್ಯಕೀಯ ಕಾಲೇಜು ರೋಗಿಯನ್ನು ನೋಡಲಿ, ಆಯುರ್ವೇದ ಕಾಲೇಜು ಅಪ್ಪಟ ಚೂರ್ಣದ ಮಾದರಿಗಳನ್ನು ಒದಗಿಸಲಿ, ಫಾರ್ಮಸಿ ವಿದ್ಯಾರ್ಥಿಗಳು ಪ್ಲೇಟು ಓಡಿಸಲಿ. ಅನುಮಾನ ಉಳಿದದ್ದು ಮಾತ್ರ ಮುಂದಿನ ಪರೀಕ್ಷೆಗೆ ಬೆಂಗಳೂರಿಗೆ ಹೋಗಲಿ. ಈ ಮೂವರೂ ಒಂದೇ ಮೇಜಿಗೆ ಬರಬೇಕೆಂಬುದು ನನ್ನ ಬಹುದಿನಗಳ ಆಸೆ. ಆಯುರ್ವೇದದವರು ಹೊರಗುಳಿದರೆ ಇದು ಆಯುರ್ವೇದದ ವಿರುದ್ಧದ ಕೆಲಸವೆಂದು ಕಾಣುತ್ತದೆ. ನಿಜಕ್ಕೂ ಇದರಿಂದ ಮೊದಲು ಉಳಿಯುವುದು ಅವರ ಮರ್ಯಾದೆಯೇ. ಮನೆಯವರು ಮಾಡಬೇಕಾದದ್ದು ಇಷ್ಟು: ಪೊಟ್ಟಣವನ್ನು ಬೇರೆ ಡಬ್ಬಿಗೆ ಸುರಿಯದೆ ತಂದ ಕಾಗದದಲ್ಲೇ ಇಡಿ, ಒದ್ದೆಯಾಗದಂತೆ ನೋಡಿಕೊಳ್ಳಿ, ಯಾವತ್ತು ತಂದಿರಿ, ದಿನಕ್ಕೆ ಎಷ್ಟು ತಿಂದಿರಿ ಎಂದು ಬರೆದಿಡಿ. ಔಷಧದಿಂದಾದ ತೊಂದರೆ ತಿಳಿಸಲು ಕೇಂದ್ರ ಸರ್ಕಾರದ ಉಚಿತ ದೂರವಾಣಿಯೂ ಇದೆ, ಸಂಖ್ಯೆ 1800-180-3024.

ಕಾನೂನಿನ ವಿಷಯಕ್ಕೆ ಬರುತ್ತೇನೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಗೆ 1964ರಲ್ಲಿ ಆಯುರ್ವೇದಕ್ಕಾಗಿ ಪ್ರತ್ಯೇಕ ಅಧ್ಯಾಯ ಸೇರಿತು. ಕಲಬೆರಕೆ, ನಕಲಿ ಔಷಧಕ್ಕೆ ಅಲ್ಲಿ ಶಿಕ್ಷೆ ಇದೆ. ಆದರೆ ತಯಾರಿಕೆ, ಮಾರಾಟವನ್ನು ನಿರ್ಬಂಧಿಸುವ 33-ಇಇಸಿ ಕಲಮು, ತನ್ನ ರೋಗಿಗಳಿಗೆಂದು ತಾನೇ ಔಷಧ ತಯಾರಿಸಿಕೊಳ್ಳುವ ವೈದ್ಯ, ಹಕೀಮರನ್ನು ಹೊರಗಿಟ್ಟಿದೆ. ಮನೆಯಲ್ಲಿ ಕಷಾಯ ಕಾಯಿಸಿ ಕೊಡುವವರನ್ನು ಕಾಪಾಡಲು ಮಾಡಿದ ಆ ವಿನಾಯಿತಿ ಸರಿಯಾದದ್ದೇ, ಅದನ್ನು ಕಿತ್ತುಹಾಕಬೇಕೆಂದು ನಾನು ಹೇಳುವುದಿಲ್ಲ. ಮೂಟೆಯಲ್ಲಿ ತರಿಸಿದ್ದನ್ನು ಪೊಟ್ಟಣ ಕಟ್ಟಿ ಮಾರುವವನು ಆ ಮರೆಯಲ್ಲಿ ನಿಲ್ಲುತ್ತಿದ್ದಾನೆ ಎಂಬುದು ನನ್ನ ಸಂಕಟ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು, ಸರಿಪಡಿಸಲು ಇದಕ್ಕಿಂತ ಸುಲಭ. ಔಷಧದಂಗಡಿಯಲ್ಲಿ ಕೊಂಡ ಅಲೋಪಥಿ ಮಾತ್ರೆಯ ಮೇಲೆ ಅನುಮಾನವಿದ್ದರೆ ಅದೇ ಕಾಯ್ದೆಯ 26ನೇ ಕಲಮಿನಡಿ ಯಾರು ಬೇಕಾದರೂ, ಬಳಕೆದಾರರ ಸಂಘವೂ, ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಆಯುರ್ವೇದ ಔಷಧಗಳಿಗೆ ಯಾವ ಯಾವ ಕಲಮುಗಳು ಅನ್ವಯಿಸುತ್ತವೆ ಎಂದು ಹೇಳುವ 33-ಎಚ್ ಕಲಮಿನಲ್ಲಿ 22, 23, 24, 25 ಎಂದಿದೆ. 26 ಇಲ್ಲ. ಅಂದರೆ ಇನ್‌ಸ್ಪೆಕ್ಟರು ಬಂದು ಮಾದರಿ ತೆಗೆದರೆ ಪರೀಕ್ಷೆ ಉಂಟು. ಹೊಳೆನರಸೀಪುರದ ಸೊಸೆಯೊಬ್ಬಳು ಅತ್ತೆಯ ಪೊಟ್ಟಣ ಹಿಡಿದು ತಾನೇ ಹೋಗಿ ನಿಂತರೆ, ಇದನ್ನು ಪರೀಕ್ಷಿಸಿ ಕೊಡಿ ಎಂದು ಹಕ್ಕಿನಿಂದ ಕೇಳಲು ಈ ಕಾಯ್ದೆಯಲ್ಲಿ ಅವಳಿಗೆ ಆ ಕಲಮಿನ ಆಸರೆ ಇಲ್ಲ. 33-ಎಚ್‌ನಲ್ಲಿ 25ರ ಮುಂದೆ 26 ಎಂಬ ಒಂದು ಅಂಕಿ ಸೇರಬೇಕು. ಇದನ್ನು ಸಂಸತ್ತಿನಲ್ಲಿ ಎತ್ತಬೇಕೆಂದು ಕೋರಿ ನಮ್ಮ ಲೋಕಸಭಾ ಸದಸ್ಯರಿಗೆ ಬರೆದ ಮನವಿಯ ಪ್ರತಿ ಹೊರಗಿನ ಮೇಜಿನ ಮೇಲಿದೆ. ಓದಿ ನೋಡಿ, ಸರಿಯೆನಿಸಿದರೆ ಹೋಗುವಾಗ ಸಹಿ ಮಾಡಿ.